ಒಂದೇ ಮದರ್‌ಬೋರ್ಡಿನಲ್ಲಿ ನಾಲ್ಕು ಗ್ರಾಫಿಕ್ಸ್ ಕಾರ್ಡ್: ಕೊಳ್ಳುವ ಮೊದಲಿನ ಲೆಕ್ಕ, ಆಮೇಲಿನ ಜೋಡಣೆ

ಮದರ್‌ಬೋರ್ಡಿನ ಮೇಲೆ ಮೂರು ಉದ್ದನೆಯ ಸ್ಲಾಟ್ ಕಂಡರೆ ಮೂರು ಗ್ರಾಫಿಕ್ಸ್ ಕಾರ್ಡ್ ಹಾಕಬಹುದು ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಮೊದಲ ಎರಡು ಕಾರ್ಡ್ ಚೆನ್ನಾಗಿ ಓಡಿದವು. ಮೂರನೆಯದನ್ನು ಹಾಕಿದ ದಿನ ಒಂದು ಎಸ್‌ಎಸ್‌ಡಿ ಕಾಣೆಯಾಯಿತು. ಕಾರ್ಡ್ ಕೆಟ್ಟಿದೆಯೋ, ಎಸ್‌ಎಸ್‌ಡಿ ಸತ್ತಿದೆಯೋ ಗೊತ್ತಾಗದೆ ಇಡೀ ಭಾನುವಾರ ಬಿಚ್ಚುವುದು, ಜೋಡಿಸುವುದು ಇದೇ ಆಯಿತು. ಯಾವುದೂ ಕೆಟ್ಟಿರಲಿಲ್ಲ. ಕೈಪಿಡಿಯ ಒಂದು ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಇಷ್ಟೇ ಇತ್ತು: ಮೂರನೇ ಸ್ಲಾಟ್ ಬಳಸಿದರೆ ಎರಡನೇ ಎಂ.2 (ಎಸ್‌ಎಸ್‌ಡಿ ಕೂರುವ ಕಿರು ಸ್ಲಾಟ್) ಕೆಲಸ ಮಾಡುವುದಿಲ್ಲ.

ಆಮೇಲೆ ಆ ಬೋರ್ಡ್ ಮಾರಿ ಬೇರೆ ಬೋರ್ಡ್ ತಂದೆ. ಈಗ ಅದರಲ್ಲಿ ಎನ್‌ವಿಡಿಯಾದ ನಾಲ್ಕು ಆರ್‌ಟಿಎಕ್ಸ್ 3090 ಕಾರ್ಡುಗಳು ಓಡುತ್ತಿವೆ. ನಡುವೆ ಕಲಿತದ್ದನ್ನು ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ಸ್ಲಾಟ್ ಎಣಿಸಿದರೆ ಸಾಲದು. ಲೇನ್ (ಕಾರ್ಡಿಗೂ ಪ್ರೊಸೆಸರಿಗೂ ನಡುವೆ ಡೇಟಾ ಓಡಾಡುವ ದಾರಿ), ಜಾಗ, ಕರೆಂಟ್, ಮೆಮೊರಿ ವಿಳಾಸ, ಈ ನಾಲ್ಕರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ನಿಮ್ಮ ಬೋರ್ಡಿನ ಮಿತಿ. ದುಡ್ಡು ಕೊಡುವ ಮೊದಲೇ ಕಾಗದದ ಮೇಲೆ ಇದನ್ನು ಕಂಡುಹಿಡಿಯಬಹುದು.

ಹಂತ 1: ಕಾರ್ಡುಗಳು ಒಂದಕ್ಕೊಂದು ಎಷ್ಟು ಮಾತಾಡುತ್ತವೆ?

ಎಲ್ಲ ಕೆಲಸಕ್ಕೂ ಪೂರ್ತಿ 16 ಲೇನ್ ಬೇಕಾಗಿಲ್ಲ. ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ರೆಂಡರಿಂಗ್ ಮಾಡುವಾಗ ಇಡೀ ದೃಶ್ಯ ಒಮ್ಮೆ ಕಾರ್ಡಿನ ಮೆಮೊರಿಗೆ ಹೋಗುತ್ತದೆ. ಆಮೇಲೆ ಪ್ರತಿ ಕಾರ್ಡೂ ತನ್ನ ಪಾಡಿಗೆ ಲೆಕ್ಕ ಮಾಡುತ್ತದೆ. ಅಲ್ಲಿ 8 ಲೇನ್ ಇದ್ದರೂ ನಷ್ಟ ಬಹಳ ಕಡಿಮೆ.

ಭಾಷಾ ಮಾದರಿ (ಚಾಟ್‌ಜಿಪಿಟಿಯಂಥ ಎಐ) ಓಡಿಸುವವರು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಮೆಟಾ ಕಂಪನಿಯ ಲಾಮಾ 3ರ 70 ಬಿಲಿಯನ್ ಪ್ಯಾರಾಮೀಟರಿನ ಮಾದರಿಯನ್ನೇ ನೋಡಿ. ಅದರಲ್ಲಿ 80 ಪದರಗಳಿವೆ, ಒಳಗಿನ ಅಗಲ 8192. ಪದರಗಳನ್ನು ಹಂಚಿ, ಮೊದಲ 40 ಒಂದು ಕಾರ್ಡಿಗೆ, ಉಳಿದ 40 ಇನ್ನೊಂದಕ್ಕೆ ಕೊಟ್ಟರೆ, ಒಂದು ಟೋಕನ್ನಿಗೆ (ಪದ ಅಥವಾ ಪದದ ತುಣುಕು) ಗಡಿ ದಾಟುವುದು 8192 ಸಂಖ್ಯೆಗಳು ಮಾತ್ರ. ಒಂದಕ್ಕೆ 2 ಬೈಟ್ ಅಂದರೆ ಒಟ್ಟು 16 ಕಿಲೋಬೈಟ್. ಇಷ್ಟಕ್ಕೆ 4 ಲೇನ್ ಕೂಡ ಧಾರಾಳ.

ಅದೇ ಮಾದರಿಯನ್ನು ಟೆನ್ಸರ್ ಪ್ಯಾರಲಲ್ ವಿಧಾನದಲ್ಲಿ ಓಡಿಸಿದರೆ ಪ್ರತಿ ಪದರವನ್ನೂ ಎಲ್ಲ ಕಾರ್ಡುಗಳು ಹಂಚಿಕೊಂಡು ಮಾಡುತ್ತವೆ. ಪದರಕ್ಕೆ ಎರಡು ಸಲ ಎಲ್ಲರೂ ಲೆಕ್ಕ ಒಪ್ಪಿಸಿ ಕೂಡಿಸಬೇಕು. 80 ಪದರಕ್ಕೆ 160 ಸಲ, ಅದೂ ಒಂದೊಂದು ಟೋಕನ್ನಿಗೂ. ಉದ್ದನೆಯ ಪ್ರಶ್ನೆ ಕೊಟ್ಟಾಗ, ಒಟ್ಟಿಗೆ ಹತ್ತಾರು ಜನ ಬಳಸುವಾಗ, ಮಾದರಿಗೆ ತರಬೇತಿ ಕೊಡುವಾಗ ಈ ಓಡಾಟ ವಿಪರೀತ ಜಾಸ್ತಿಯಾಗುತ್ತದೆ. ಲೇನುಗಳ ಅಗಲಕ್ಕೆ ನಿಜವಾದ ಬೆಲೆ ಇರುವುದು ಇಲ್ಲಿ.

ಈ ವಿಧಾನದಲ್ಲಿ ಇನ್ನೊಂದು ತೊಡಕಿದೆ. ಮಾದರಿಯ ಅಟೆನ್ಷನ್ ಹೆಡ್‌ಗಳನ್ನು (ಪದಗಳ ನಡುವಿನ ನಂಟನ್ನು ಲೆಕ್ಕ ಹಾಕುವ ಘಟಕಗಳನ್ನು) ಕಾರ್ಡುಗಳ ಸಂಖ್ಯೆಯಿಂದ ಸಮನಾಗಿ ಭಾಗಿಸಲು ಬರಬೇಕು. ಲಾಮಾ 3 70 ಬಿಲಿಯನ್‌ನಲ್ಲಿ 64 ಹೆಡ್‌ಗಳಿವೆ. 2, 4, 8 ಕಾರ್ಡುಗಳಿಗೆ ಸರಿಯಾಗಿ ಹಂಚಿಕೆಯಾಗುತ್ತದೆ, 3ಕ್ಕೆ ಆಗುವುದಿಲ್ಲ. ಹಾಗಾಗಿ ಎರಡಾದ ಮೇಲೆ ಮೂರಕ್ಕೆ ನಿಲ್ಲುವ ಬದಲು ನಾಲ್ಕಕ್ಕೇ ಯೋಜನೆ ಹಾಕಿ.

ಈ ಹಂತದಲ್ಲೇ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ನಾಲ್ಕು ಕಾರ್ಡ್ ನಿಜವಾಗಿ ಬೇಕಾ? 24 ಜಿಬಿಯ ನಾಲ್ಕು ಕಾರ್ಡ್ ಸೇರಿದರೆ 96 ಜಿಬಿ. ಆರ್‌ಟಿಎಕ್ಸ್ ಪ್ರೊ 6000 ಬ್ಲ್ಯಾಕ್‌ವೆಲ್ ಒಂದರಲ್ಲೇ 96 ಜಿಬಿ ಇದೆ, ಅದರ ಮ್ಯಾಕ್ಸ್-ಕ್ಯೂ ಆವೃತ್ತಿಗೆ 300 ವ್ಯಾಟ್ ಸಾಕು. ಬೆಲೆ ಭಾರಿ, ನಿಜ. ಆದರೆ ಬೋರ್ಡ್, ಪವರ್ ಸಪ್ಲೈ, ರೈಸರ್ (ಕಾರ್ಡನ್ನು ಸ್ಲಾಟಿನಿಂದ ದೂರ ಇಡಲು ಬಳಸುವ ಕೇಬಲ್), ವೈರಿಂಗ್, ಎಸಿ ಎಲ್ಲ ಸೇರಿಸಿ ಹೋಲಿಸಿ ನೋಡಿ. ನೀವು ಅಂದುಕೊಂಡಷ್ಟು ಅಂತರ ಇರುವುದಿಲ್ಲ.

ಹಂತ 2: ಲೇನ್ ಲೆಕ್ಕ ಬರೆಯಿರಿ

ಪಿಸಿಐ ಎಕ್ಸ್‌ಪ್ರೆಸ್ ಲೇನ್ ಅಂದರೆ ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ರಸ್ತೆಯ ಒಂದು ಸಾಲು. ಮೂರನೇ ಪೀಳಿಗೆಯಲ್ಲಿ ಒಂದು ಲೇನ್ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 1 ಜಿಬಿ ಸಾಗಿಸುತ್ತದೆ. ನಾಲ್ಕನೆಯದರಲ್ಲಿ ಸುಮಾರು 2, ಐದನೆಯದರಲ್ಲಿ ಸುಮಾರು 4. ಅಂದರೆ ನಾಲ್ಕನೇ ಪೀಳಿಗೆಯ 8 ಲೇನ್ ಮತ್ತು ಮೂರನೇ ಪೀಳಿಗೆಯ 16 ಲೇನ್ ಎರಡೂ ಒಂದೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲೇನುಗಳನ್ನು ಕೊಡುವುದು ಬೋರ್ಡ್ ಅಲ್ಲ, ಪ್ರೊಸೆಸರ್. ಬೋರ್ಡ್ ಅವನ್ನು ಹಂಚುತ್ತದೆ ಅಷ್ಟೇ. ಹಾಸಿಗೆ ಎಷ್ಟಿದೆ ಅಂತ ಮೊದಲು ನೋಡಬೇಕು.

ಎಎಂಡಿಯ ಎಎಂ5 ಸಾಕೆಟ್ಟಿನ ರೈಜೆನ್ 7000, 9000 ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ 28 ಲೇನ್ ಇವೆ. 4 ಚಿಪ್‌ಸೆಟ್ಟಿಗೆ (ಯುಎಸ್‌ಬಿ, ಡಿಸ್ಕ್ ಮುಂತಾದವನ್ನು ನೋಡಿಕೊಳ್ಳುವ ಬೋರ್ಡಿನ ಚಿಪ್) ಹೋದರೆ ಉಳಿಯುವುದು 24. ಅದರಲ್ಲಿ ಗ್ರಾಫಿಕ್ಸ್‌ಗೆ ಮೀಸಲಾದದ್ದು 16. ಇಂಟೆಲ್‌ನ 12ರಿಂದ 14ನೇ ಪೀಳಿಗೆಯ ಕೋರ್ ಪ್ರೊಸೆಸರುಗಳಲ್ಲೂ ಗ್ರಾಫಿಕ್ಸ್‌ಗೆ 16, ಎಸ್‌ಎಸ್‌ಡಿಗೆ 4. ಈ 16ನ್ನು ಒಂದು ಕಾರ್ಡಿಗೆ ಪೂರ್ತಿ ಕೊಡಬಹುದು, ಇಲ್ಲವೇ ಬೋರ್ಡ್ ಒಪ್ಪಿದರೆ ಎರಡು ಕಾರ್ಡಿಗೆ ಎಂಟೆಂಟು ಕೊಡಬಹುದು. ಮೂರನೇ ಉದ್ದನೆಯ ಸ್ಲಾಟ್ ಇದ್ದರೆ ಅದು ಸಾಮಾನ್ಯವಾಗಿ ಚಿಪ್‌ಸೆಟ್ಟಿನದು. ಅದರಲ್ಲಿ ಹೆಚ್ಚೆಂದರೆ 4 ಲೇನ್. ಆ ನಾಲ್ಕೂ ಯುಎಸ್‌ಬಿ, ನೆಟ್‌ವರ್ಕ್, ಸಾಟಾ ಡಿಸ್ಕ್ ಎಲ್ಲದರ ಜೊತೆ ಒಂದೇ ಬಾಗಿಲಿನಲ್ಲಿ ನುಗ್ಗಿ ಪ್ರೊಸೆಸರಿಗೆ ಹೋಗಬೇಕು. ನನ್ನ ಮೂರನೇ ಕಾರ್ಡ್ ಸಿಕ್ಕಿಬಿದ್ದದ್ದು ಅಲ್ಲೇ.

ಎರಡೇ ಕಾರ್ಡ್ ಸಾಕು ಅನ್ನುವವರಿಗೆ ಈ ಡೆಸ್ಕ್‌ಟಾಪ್ ಬೋರ್ಡೇ ಒಳ್ಳೆಯ ಆಯ್ಕೆ. ಆರ್‌ಟಿಎಕ್ಸ್ 5090 ಐದನೇ ಪೀಳಿಗೆಯ ಕಾರ್ಡ್. ಅದಕ್ಕೆ ಐದನೇ ಪೀಳಿಗೆಯ 8 ಲೇನ್ ಸಿಕ್ಕರೆ ನಾಲ್ಕನೆಯದರ 16 ಸಿಕ್ಕ ಹಾಗೆಯೇ. ಸುಮ್ನೆ ವರ್ಕ್‌ಸ್ಟೇಷನ್ ಬೋರ್ಡಿಗೆ ದುಡ್ಡು ಸುರಿಯಬೇಡಿ. ಆದರೆ ಕೊಳ್ಳುವ ಬೋರ್ಡ್ ಎಂಟೆಂಟಾಗಿ ಒಡೆಯುತ್ತದೆ ಅಂತ ಕೈಪಿಡಿಯಲ್ಲೇ ಓದಿ ಖಚಿತ ಮಾಡಿಕೊಳ್ಳಿ. ಅಗ್ಗದ ಬೋರ್ಡುಗಳಲ್ಲಿ ಅನೇಕವು ಒಡೆಯುವುದಿಲ್ಲ.

ನಾಲ್ಕು ಕಾರ್ಡ್ ಬೇಕಾದರೆ ದಾರಿ ಬೇರೆ. ಎಎಂಡಿಯ ವರ್ಕ್‌ಸ್ಟೇಷನ್ ಪ್ರೊಸೆಸರುಗಳಾದ ಥ್ರೆಡ್‌ರಿಪ್ಪರ್ ಪ್ರೊ 3000, 5000 ಸರಣಿಯಲ್ಲಿ ನಾಲ್ಕನೇ ಪೀಳಿಗೆಯ 128 ಲೇನ್ ಇವೆ. ಥ್ರೆಡ್‌ರಿಪ್ಪರ್ ಪ್ರೊ 7000ದಲ್ಲಿ ಐದನೇ ಪೀಳಿಗೆಯ 128. ಪ್ರೊ ಅಲ್ಲದ ಥ್ರೆಡ್‌ರಿಪ್ಪರ್ 7000ದಲ್ಲಿ ಐದನೇ ಪೀಳಿಗೆಯ ಲೇನ್ 48 ಮಾತ್ರ. ಹೆಸರು ಒಂದೇ ಅಂತ ಮೋಸಹೋಗಬೇಡಿ. ಇಂಟೆಲ್‌ನ ಜಿಯಾನ್ ಡಬ್ಲ್ಯು-3400ರಲ್ಲಿ 112, ಡಬ್ಲ್ಯು-2400ರಲ್ಲಿ 64. ಹಳೆಯ ಸರ್ವರುಗಳಿಂದ ಬರುವ ಎಎಂಡಿ ಎಪಿಕ್ 7002, 7003 ಸರಣಿಯಲ್ಲಿ ನಾಲ್ಕನೇ ಪೀಳಿಗೆಯ 128 ಲೇನ್. 3090, 4090 ಎರಡೂ ನಾಲ್ಕನೇ ಪೀಳಿಗೆಯ ಕಾರ್ಡುಗಳೇ. ಅವಕ್ಕೆ ಐದನೇ ಪೀಳಿಗೆಯ ಬೋರ್ಡ್ ಕೊಟ್ಟರೆ ಒಂದು ಚೂರೂ ವೇಗ ಹೆಚ್ಚುವುದಿಲ್ಲ. ನನ್ನ ಮಟ್ಟಿಗೆ ಹಳೆಯ ಎಪಿಕ್‌ಗಿಂತ ಒಳ್ಳೆಯ ವ್ಯಾಪಾರ ಇಲ್ಲ.

ಈಗ ಒಂದು ಹಾಳೆ ತಗೊಳ್ಳಿ. ಮೇಲೆ ಪ್ರೊಸೆಸರಿನ ಒಟ್ಟು ಲೇನ್ ಬರೆಯಿರಿ. ಕೆಳಗೆ ಒಂದೊಂದಾಗಿ ಕಳೆಯುತ್ತಾ ಹೋಗಿ: ಕಾರ್ಡಿಗೆ 16ರಂತೆ ನಾಲ್ಕಕ್ಕೆ 64, ಎಸ್‌ಎಸ್‌ಡಿಗೆ 4ರಂತೆ ಎರಡಕ್ಕೆ 8, ವೇಗದ ನೆಟ್‌ವರ್ಕ್ ಕಾರ್ಡಿಗೆ 8. ಒಟ್ಟು 80. ಡೆಸ್ಕ್‌ಟಾಪಿನ 24 ಎಲ್ಲಿ, ಈ 80 ಎಲ್ಲಿ!

ಹಂತ 3: ಬೋರ್ಡಿನ ನಕ್ಷೆ ಓದಿ, ಆಮೇಲೆ ಟಾರ್ಚ್ ಹಾಕಿ ನೋಡಿ

ಕೊಳ್ಳುವ ಮೊದಲು ತಯಾರಕರ ತಾಣದಿಂದ ಕೈಪಿಡಿಯನ್ನು ಇಳಿಸಿಕೊಳ್ಳಿ. ಬೋರ್ಡಿನ ಬಣ್ಣ, ದೀಪ ಬಿಡಿ. ಬ್ಲಾಕ್ ಡಯಾಗ್ರಾಂ ಇರುವ ಪುಟ ಹುಡುಕಿ. ಪ್ರೊಸೆಸರಿನಿಂದ ಯಾವ ಸ್ಲಾಟಿಗೆ ಎಷ್ಟು ಲೇನಿನ ಗೆರೆ ಹೋಗಿದೆ ಅಂತ ಅಲ್ಲಿ ಇರುತ್ತದೆ. ಗೆರೆ ನೇರ ಪ್ರೊಸೆಸರಿಗೆ ಸೇರಿದರೆ ಒಳ್ಳೆಯದು, ಚಿಪ್‌ಸೆಟ್ಟಿಗೆ ಸೇರಿದರೆ ಗ್ರಾಫಿಕ್ಸ್ ಕಾರ್ಡಿಗೆ ಅದು ಬೇಡ. ಗೆರೆಯ ಮಧ್ಯೆ ಸ್ವಿಚ್ ಅಥವಾ ಮಕ್ಸ್ ಅನ್ನುವ ಡಬ್ಬಿ ಕಂಡರೆ ಆ ಲೇನನ್ನು ಇಬ್ಬರು ಹಂಚಿಕೊಳ್ಳುತ್ತಿದ್ದಾರೆ ಅಂತ ಅರ್ಥ. ಹಂಚಿಕೆಯ ನಿಯಮ ಅದೇ ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಎರಡು ಸಲ ಓದಿ.

ಉದಾಹರಣೆಗೆ ಎಎಸ್‌ರಾಕ್ ರ‍್ಯಾಕ್ ಕಂಪನಿಯ ಆರ್‌ಒಎಂಇಡಿ8-2ಟಿ ಬೋರ್ಡ್. ಸಾಮಾನ್ಯ ಎಟಿಎಕ್ಸ್ ಅಳತೆಯ ಬೋರ್ಡಿನಲ್ಲಿ ನಾಲ್ಕನೇ ಪೀಳಿಗೆಯ 7 ಉದ್ದನೆಯ ಸ್ಲಾಟುಗಳಿವೆ. ಇಷ್ಟೆಲ್ಲ ಇರುವ ಬೋರ್ಡಿನಲ್ಲೂ ಎರಡನೇ ಸ್ಲಾಟಿನ ಲೇನುಗಳು ಎಂ.2, ಸಾಟಾ ಮತ್ತು ಆಕ್ಯುಲಿಂಕ್ ಕನೆಕ್ಟರುಗಳ ಜೊತೆ ಹಂಚಿಕೆಯಾಗಿವೆ. ಬೋರ್ಡಿನ ಮೇಲಿನ ಜಂಪರುಗಳನ್ನು ಹೇಗೆ ಹಾಕುತ್ತೀರೋ ಹಾಗೆ. ಜಂಪರ್ ಅಂದರೆ ಎರಡು ಪಿನ್ನಿಗೆ ಹಾಕುವ ಸಣ್ಣ ಪ್ಲಾಸ್ಟಿಕ್ ಟೋಪಿ. ಗೊತ್ತಿಲ್ಲದವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಎರಡನೇ ಸ್ಲಾಟ್ ಖಾಲಿ ಬಿಟ್ಟು 1, 3, 5, 7ರಲ್ಲಿ ಕಾರ್ಡ್ ಹಾಕಿದರೆ ಈ ತಲೆನೋವೇ ಇಲ್ಲ.

ಅಂಗಡಿಗೆ ಹೋಗಿ ಕೊಳ್ಳುವುದಾದರೆ ಇನ್ನೊಂದು ಸುಲಭದ ಪರೀಕ್ಷೆ ಇದೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಬೋರ್ಡ್ ನೋಡಲು ಹೋಗುವಾಗ ನಾನು ಜೇಬಿನಲ್ಲಿ ಒಂದು ಪುಟ್ಟ ಟಾರ್ಚ್ ಇಟ್ಟುಕೊಳ್ಳುತ್ತೇನೆ. ಸ್ಲಾಟಿನ ಬಾಯಿಗೆ ಓರೆಯಾಗಿ ಬೆಳಕು ಬಿಟ್ಟರೆ ಒಳಗಿನ ಚಿನ್ನದ ಬಣ್ಣದ ಕಡ್ಡಿಗಳು ಹೊಳೆಯುತ್ತವೆ. ಪೂರ್ತಿ 16 ಲೇನಿನ ಸ್ಲಾಟಿನಲ್ಲಿ ಈ ತುದಿಯಿಂದ ಆ ತುದಿಯವರೆಗೂ ಕಡ್ಡಿಗಳಿರುತ್ತವೆ. 8 ಲೇನಿನದಾದರೆ ಅರ್ಧದ ಆಸುಪಾಸಿನಲ್ಲಿ ನಿಂತುಬಿಡುತ್ತವೆ, ಮುಂದೆ ಬರೀ ಕಪ್ಪು ಪ್ಲಾಸ್ಟಿಕ್. 4 ಲೇನಿನದಾದರೆ ಇನ್ನೂ ಮೊದಲೇ ನಿಲ್ಲುತ್ತವೆ. ಸ್ಲಾಟ್ ಮಾತ್ರ ಹೊರಗಿನಿಂದ ಅಷ್ಟೇ ಉದ್ದ. ಹೀಗೆ ಒಮ್ಮೆ ನೋಡಿದರೆ ಸಾಕು, ಮುಂದೆ ಯಾವ ಬೋರ್ಡ್ ಕಂಡರೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಹಳೆಯ ಪ್ರೊಸೆಸರ್ ಕೊಳ್ಳುವವರಿಗೆ ಎರಡು ಎಚ್ಚರಿಕೆ. ಎಎಂಡಿಯ ಪ್ಲಾಟ್‌ಫಾರ್ಮ್ ಸೆಕ್ಯೂರ್ ಬೂಟ್ ಅನ್ನುವ ವ್ಯವಸ್ಥೆಯಿಂದ ಕೆಲವು ಎಪಿಕ್, ಥ್ರೆಡ್‌ರಿಪ್ಪರ್ ಪ್ರೊ ಚಿಪ್ಪುಗಳು ಮೊದಲು ಕೂತ ಕಂಪನಿಯ ಬೋರ್ಡಿಗೇ ಶಾಶ್ವತವಾಗಿ ಬೀಗ ಹಾಕಿಕೊಂಡಿರುತ್ತವೆ. ಬೇರೆ ಬೋರ್ಡಿನಲ್ಲಿ ಏಳುವುದೇ ಇಲ್ಲ. ಮಾರುವವರಿಂದ ಬೀಗ ಇಲ್ಲ ಅಂತ ಬರಹದಲ್ಲಿ ತಗೊಳ್ಳಿ. ಎರಡನೆಯದು ರ‍್ಯಾಮ್. ಥ್ರೆಡ್‌ರಿಪ್ಪರ್ 7000ಕ್ಕೂ ಎಪಿಕ್‌ಗೂ ಸರ್ವರುಗಳಲ್ಲಿ ಬಳಸುವ ರಿಜಿಸ್ಟರ್ಡ್ ರ‍್ಯಾಮ್ ಬೇಕು. ಮನೆಯಲ್ಲಿರುವ ಡೆಸ್ಕ್‌ಟಾಪ್ ರ‍್ಯಾಮ್ ಅಲ್ಲಿ ನಡೆಯುವುದಿಲ್ಲ.

ಹಂತ 4: ಟೇಪ್ ಹಿಡಿದು ಜಾಗ ಅಳೆಯಿರಿ

ಒಂದು ಸ್ಲಾಟಿಗೂ ಪಕ್ಕದ ಸ್ಲಾಟಿಗೂ ಅಂತರ 20.32 ಮಿ.ಮೀ. ಈ ಅಳತೆ ಎಲ್ಲ ಬೋರ್ಡಿಗೂ ಒಂದೇ. ಎರಡು ಸ್ಲಾಟ್ ದಪ್ಪದ ಕಾರ್ಡುಗಳು 1, 3, 5, 7ರಲ್ಲಿ ಕೂರುತ್ತವೆ. ಆದರೆ ಏಳರಲ್ಲಿ ಕೂತ ಕಾರ್ಡಿನ ಅರ್ಧ ದೇಹ ಬೋರ್ಡಿನ ಅಂಚಿನಿಂದ ಆಚೆ ಚಾಚುತ್ತದೆ. ಅದಕ್ಕೆ ಕ್ಯಾಬಿನೆಟ್ಟಿನ ಹಿಂಭಾಗದಲ್ಲಿ 8 ಸ್ಲಾಟಿನ ಕಿಂಡಿ ಇರಬೇಕು. ಮಾಮೂಲಿ ಕ್ಯಾಬಿನೆಟ್ಟಿನಲ್ಲಿ ಇರುವುದು 7. ನಾಲ್ಕನೇ ಕಾರ್ಡ್ ಕೈಯಲ್ಲಿ ಹಿಡಿದುಕೊಂಡು ಜಾಗ ಹುಡುಕುವ ಪರಿಸ್ಥಿತಿ ಬರುವುದು ಹೀಗೆ.

ಮೂರು ಸ್ಲಾಟ್ ದಪ್ಪದ ಕಾರ್ಡಾದರೆ 1, 4, 7. ಮೂರೇ ಕಾರ್ಡ್, ಅದಕ್ಕೂ 9 ಕಿಂಡಿ ಬೇಕು. ಮೂರು ಫ್ಯಾನಿನ 3090, 4090 ಕಾರ್ಡುಗಳಲ್ಲಿ ಹೆಚ್ಚಿನವು ಈ ದಪ್ಪದವೇ. ಅವನ್ನು ನಾಲ್ಕು ಹಾಕಬೇಕಾದರೆ ರೈಸರ್ ಕೇಬಲ್ ಮತ್ತು ತೆರೆದ ಚೌಕಟ್ಟು ಬಿಟ್ಟು ಬೇರೆ ಸುಲಭದ ದಾರಿ ಇಲ್ಲ. ನಾನು ಮಾಡಿರುವುದೂ ಅದೇ. ಅಲ್ಯೂಮಿನಿಯಂ ಪಟ್ಟಿಯ ಚೌಕಟ್ಟು, ಕೆಳಗೆ ಬೋರ್ಡ್, ಮೇಲೆ ಸಾಲಾಗಿ ನಾಲ್ಕು ಕಾರ್ಡ್. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಬೆಕ್ಕಿದ್ದರೆ ಇದು ಬೇಡ.

ಆರ್‌ಟಿಎಕ್ಸ್ ಎ6000, 6000 ಏಡಾದಂಥ ವರ್ಕ್‌ಸ್ಟೇಷನ್ ಕಾರ್ಡುಗಳು ಎರಡೇ ಸ್ಲಾಟ್ ದಪ್ಪ, 300 ವ್ಯಾಟ್, ಬಿಸಿಗಾಳಿಯನ್ನು ಹಿಂದಿನಿಂದ ಹೊರಗೆ ಊದುತ್ತವೆ. ಒತ್ತೊತ್ತಾಗಿ ಕೂರಿಸಲೆಂದೇ ಮಾಡಿದವು. ಮಾಮೂಲಿ ಕಾರ್ಡುಗಳಲ್ಲಿ ಬಹಳಷ್ಟು ಬಿಸಿಗಾಳಿಯನ್ನು ಕ್ಯಾಬಿನೆಟ್ಟಿನ ಒಳಗೇ ಬಿಡುತ್ತವೆ. ಒಂದರ ಬಿಸಿ ಉಸಿರನ್ನು ಇನ್ನೊಂದು ಕುಡಿಯುತ್ತದೆ.

3090ಗೆ ಎನ್‌ವಿಲಿಂಕ್ ಸೇತುವೆ (ಎರಡು ಕಾರ್ಡುಗಳನ್ನು ನೇರವಾಗಿ ಬೆಸೆಯುವ ಕನೆಕ್ಟರ್) ಹಾಕುವ ಆಸೆ ಇದ್ದರೆ ಅದನ್ನೂ ಈಗಲೇ ಅಳೆಯಿರಿ. ಸೇತುವೆ ಗಟ್ಟಿ ತುಂಡು, ಬಾಗುವುದಿಲ್ಲ. ಎರಡು ಕಾರ್ಡುಗಳ ಅಂತರ ಅದರ ಅಳತೆಗೆ ಸರಿಯಾಗಿ ಇರಬೇಕು. 4090, 5090ಯಲ್ಲಿ ಎನ್‌ವಿಲಿಂಕ್ ಇಲ್ಲವೇ ಇಲ್ಲ.

ಹಂತ 5: ರೈಸರ್ ಕೇಬಲ್ ಆರಿಸಿ

ರೈಸರ್ ಅಂದ ತಕ್ಷಣ ಅಂಗಡಿಯವರು ಕ್ರಿಪ್ಟೋ ಗಣಿಗಾರಿಕೆಗೆ ಬಳಸುತ್ತಿದ್ದ, ಯುಎಸ್‌ಬಿ ವೈರಿನ ರೈಸರ್ ತೋರಿಸಬಹುದು. ಅದು ಬೇಡ. ಅದರಲ್ಲಿ ಇರುವುದು ಒಂದೇ ಲೇನ್. ಅದಕ್ಕೆ ಸಾಟಾ ಪ್ಲಗ್ಗಿನಿಂದ ಕರೆಂಟ್ ಕೊಡುವುದಂತೂ ಅಪಾಯ. ಸಾಟಾ ಪ್ಲಗ್ 12 ವೋಲ್ಟಿನಲ್ಲಿ 54 ವ್ಯಾಟ್ ಮಾತ್ರ ತಾಳುತ್ತದೆ, ಸ್ಲಾಟಿನಿಂದ ಕಾರ್ಡ್ 75 ವ್ಯಾಟ್‌ವರೆಗೆ ಎಳೆಯಬಹುದು. ಪ್ಲಾಸ್ಟಿಕ್ ಕರಗಿ ಬೆಂಕಿ ಹೊತ್ತಿಕೊಂಡರೆ ಏನು ಗತಿ?

ನಿಮಗೆ ಬೇಕಾದದ್ದು ಪೂರ್ತಿ 16 ಲೇನಿನ, ನಾಲ್ಕನೇ ಪೀಳಿಗೆಗೆ ಎಂದೇ ಮಾಡಿದ ಅಗಲ ಪಟ್ಟಿಯ ಕೇಬಲ್. ಎಷ್ಟು ಗಿಡ್ಡವಾಗಿದ್ದರೆ ಅಷ್ಟು ಒಳ್ಳೆಯದು. ವೇಗ ಹೆಚ್ಚಿದಂತೆ ಸಿಗ್ನಲ್ ದಾರಿಯಲ್ಲೇ ಸೊರಗುತ್ತದೆ. ಮೂರನೇ ಪೀಳಿಗೆಯಲ್ಲಿ ಸುಮ್ಮನೆ ಓಡುತ್ತಿದ್ದ ಕೇಬಲ್ ನಾಲ್ಕನೆಯದರಲ್ಲಿ ತಪ್ಪುಗಳನ್ನು ಕಾರತೊಡಗುತ್ತದೆ. ಕೇಬಲನ್ನು ಮಡಚಿ ಗೆರೆ ಬೀಳಿಸಬೇಡಿ, ದುಂಡಗೆ ಬಾಗಿಸಿ.

ಒಂದು 16 ಲೇನಿನ ಸ್ಲಾಟನ್ನು ಎರಡು ಎಂಟಾಗಿ ಒಡೆಯುವುದಕ್ಕೆ ಬೈಫರ್ಕೇಷನ್ ಅನ್ನುತ್ತಾರೆ. ಬಯಾಸ್‌ನಲ್ಲಿ (ಯಂತ್ರ ಆನ್ ಆದಾಗ ಮೊದಲು ಓಡುವ ಬೋರ್ಡಿನ ತಂತ್ರಾಂಶ) ಆ ಆಯ್ಕೆ ಇದ್ದರೆ ಮಾತ್ರ ಸಾಧ್ಯ. ಬಯಾಸ್‌ನಲ್ಲಿ ಇಲ್ಲದೆ ಒಡೆಯುವ ಅಡಾಪ್ಟರ್ ತಂದರೆ ಎರಡು ಕಾರ್ಡಿನಲ್ಲಿ ಒಂದೇ ಕಾಣುತ್ತದೆ.

ಹಂತ 6: ಕರೆಂಟ್ ಲೆಕ್ಕ, ಗೋಡೆಯ ಪ್ಲಗ್‌ವರೆಗೂ

ಜನ ಪವರ್ ಸಪ್ಲೈವರೆಗೆ ಲೆಕ್ಕ ಹಾಕಿ ನಿಲ್ಲಿಸುತ್ತಾರೆ. ಗೋಡೆಯವರೆಗೂ ಹೋಗಬೇಕು.

ನನ್ನ ಲೆಕ್ಕವನ್ನೇ ತಗೊಳ್ಳಿ. 3090 ಒಂದಕ್ಕೆ 350 ವ್ಯಾಟ್, ನಾಲ್ಕಕ್ಕೆ 1400. ಪ್ರೊಸೆಸರಿಗೆ 180. ಬೋರ್ಡ್, ರ‍್ಯಾಮ್, ಫ್ಯಾನ್, ಡಿಸ್ಕ್ ಎಲ್ಲ ಸೇರಿ 120. ಒಟ್ಟು 1700. ಪವರ್ ಸಪ್ಲೈ ಶೇ. 92ರ ದಕ್ಷತೆಯದಾದರೆ ಗೋಡೆಯಿಂದ ಎಳೆಯುವುದು ಸುಮಾರು 1850 ವ್ಯಾಟ್. ನಮ್ಮ 230 ವೋಲ್ಟಿನಲ್ಲಿ ಇದು 8 ಆಂಪಿಯರ್. ಮನೆಯ ಸಣ್ಣ ಪ್ಲಗ್ ಪಾಯಿಂಟ್ 6 ಆಂಪಿಯರಿನದು. ಗೀಸರಿಗೆ, ಎಸಿಗೆ ಇರುವಂಥ 16 ಆಂಪಿಯರಿನ ದೊಡ್ಡ ಪಾಯಿಂಟೇ ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಖಂಡಿತ ಬೇಡ.

ಕಾರ್ಡಿನ ಮಿತಿಯನ್ನು 280 ವ್ಯಾಟ್‌ಗೆ ಇಳಿಸಿದರೂ ಗೋಡೆಯಲ್ಲಿ ಸುಮಾರು 1540 ವ್ಯಾಟ್, 6.7 ಆಂಪಿಯರ್. ಆಗಲೂ ಸಣ್ಣ ಪಾಯಿಂಟ್ ಸಾಲದು. ಎಲೆಕ್ಟ್ರಿಷಿಯನ್ ಕರೆಸಿ ಆ ಪಾಯಿಂಟಿಗೆ ಪ್ರತ್ಯೇಕ ಎಂಸಿಬಿ ಹಾಕಿಸಿ, ಅರ್ತಿಂಗ್ ಪರೀಕ್ಷೆ ಮಾಡಿಸಿ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಬರೆದಿರುತ್ತದೆ, ಅದನ್ನೂ ನೋಡಿ. ಗೀಸರ್, ಇಸ್ತ್ರಿಪೆಟ್ಟಿಗೆ, ಈ ಯಂತ್ರ ಮೂರೂ ಬೆಳಗ್ಗೆ ಒಟ್ಟಿಗೆ ಓಡುವ ದಿನ ಬಂದೇ ಬರುತ್ತದೆ. ಮನೆಯ ಮಾಮೂಲಿ ಇನ್ವರ್ಟರಿಗೆ ಈ ಭಾರ ಹೊರಿಸುವ ಯೋಚನೆ ಬಿಡಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಇನ್ನೂ ಕಷ್ಟ. ಅಲ್ಲಿ 120 ವೋಲ್ಟ್. ಮಾಮೂಲಿ 15 ಆಂಪಿಯರ್ ಸರ್ಕ್ಯೂಟಿನಿಂದ ಸತತವಾಗಿ ಎಳೆಯಬಹುದಾದದ್ದು ಶೇ. 80, ಅಂದರೆ 1440 ವ್ಯಾಟ್. ನಾಲ್ಕು ಕಾರ್ಡ್ ಪೂರ್ತಿ ಓಡಿದರೆ ಅಷ್ಟರಲ್ಲಿ ಮುಗಿಯುವುದಿಲ್ಲ. 240 ವೋಲ್ಟಿನ ಲೈನ್ ಎಳೆಸಬೇಕು, ಇಲ್ಲವೇ ಕಾರ್ಡಿನ ಮಿತಿ ಚೆನ್ನಾಗಿ ಇಳಿಸಬೇಕು.

ಬೋರ್ಡಿನ ಮಟ್ಟದಲ್ಲೂ ಒಂದು ಮಿತಿ ಇದೆ. ಒಂದೊಂದು ಸ್ಲಾಟೂ 75 ವ್ಯಾಟ್‌ವರೆಗೆ ಕೊಡಬೇಕು, ಅದರಲ್ಲಿ 66 ವ್ಯಾಟ್ 12 ವೋಲ್ಟಿನಲ್ಲಿ. ನಾಲ್ಕು ಕಾರ್ಡಿಗೆ ಇದು 22 ಆಂಪಿಯರ್. ಆದರೆ 24 ಪಿನ್ನಿನ ಮುಖ್ಯ ಕನೆಕ್ಟರಿನಲ್ಲಿ 12 ವೋಲ್ಟಿನ ಪಿನ್ ಇರುವುದು ಎರಡೇ! ಅದಕ್ಕೇ ವರ್ಕ್‌ಸ್ಟೇಷನ್ ಬೋರ್ಡುಗಳಲ್ಲಿ ಸ್ಲಾಟುಗಳ ಹತ್ತಿರ ಬೇರೆ 6 ಅಥವಾ 8 ಪಿನ್ನಿನ ಕನೆಕ್ಟರ್ ಇಟ್ಟಿರುತ್ತಾರೆ. ಒಂದು ಕಾರ್ಡ್ ಹಾಕಿದಾಗ ಅದಿಲ್ಲದೆಯೂ ಯಂತ್ರ ಓಡುತ್ತದೆ ಅಂತ ಖಾಲಿ ಬಿಡಬೇಡಿ. ಮುಖ್ಯ ಕನೆಕ್ಟರ್ ಕಂದುಬಣ್ಣಕ್ಕೆ ತಿರುಗಿದ ಮೇಲೆ ಗೊತ್ತಾಗಿ ಪ್ರಯೋಜನ ಇಲ್ಲ.

ಕಾರ್ಡಿನ ಒಂದೊಂದು 8 ಪಿನ್ನಿಗೂ ಪವರ್ ಸಪ್ಲೈಯಿಂದ ಬೇರೆಬೇರೆ ಕೇಬಲ್ ಎಳೆಯಿರಿ. ಒಂದೇ ಕೇಬಲಿನ ಎರಡು ಬಾಲ ಬಳಸಬೇಡಿ. ಎರಡು ಪವರ್ ಸಪ್ಲೈ ಇಟ್ಟರೆ ಎರಡೂ ಒಟ್ಟಿಗೆ ಆನ್ ಆಗುವ ಅಡಾಪ್ಟರ್ ಹಾಕಿ, ಎರಡನ್ನೂ ಒಂದೇ ಸರ್ಕ್ಯೂಟಿಗೆ ಕೊಡಿ. ಪವರ್ ಸಪ್ಲೈ ಬದಲಿಸಿದಾಗ ಹಳೆಯ ಮಾಡ್ಯುಲರ್ ಕೇಬಲ್ ಉಳಿಸಿಕೊಳ್ಳಬೇಡಿ. ಪ್ಲಗ್ ಒಂದೇ ಥರ ಕಂಡರೂ ಒಳಗಿನ ಪಿನ್ ಕ್ರಮ ಬೇರೆ ಇರಬಹುದು, ಕಾರ್ಡ್ ಸುಟ್ಟುಹೋಗುತ್ತದೆ.

ಒಳಗೆ ಹೋದ 1850 ವ್ಯಾಟ್ ಪೂರ್ತಿ ಶಾಖವಾಗಿ ಕೋಣೆಗೆ ಬರುತ್ತದೆ. ಒಂದು ಟನ್ ಎಸಿ ಅಂದರೆ ಸುಮಾರು 3500 ವ್ಯಾಟ್ ಶಾಖ ತೆಗೆಯುವ ಶಕ್ತಿ. ಅರ್ಧ ಟನ್ನಿಗಿಂತ ಜಾಸ್ತಿ ಈ ಯಂತ್ರಕ್ಕೇ ಬೇಕು. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಇದನ್ನು ಇಡುವ ಮಾತೇ ಬೇಡ.

ಹಂತ 7: ಒಂದೊಂದೇ ಕಾರ್ಡ್ ಹಾಕುತ್ತಾ ಜೋಡಿಸಿ

ಮೊದಲು ಪ್ರೊಸೆಸರ್. ಎಪಿಕ್‌ನ ಎಸ್‌ಪಿ3 ಸಾಕೆಟ್ಟಿನಲ್ಲಿ 4094 ಸಂಪರ್ಕ ಬಿಂದುಗಳಿವೆ. ಮುಚ್ಚಳಕ್ಕೆ ಮೂರು ಸ್ಕ್ರೂ, ಪಕ್ಕದಲ್ಲೇ 1, 2, 3 ಅಂತ ಅಚ್ಚು ಹಾಕಿರುತ್ತಾರೆ. ಅದೇ ಕ್ರಮದಲ್ಲಿ, ಟಾರ್ಕ್ ಸ್ಕ್ರೂಡ್ರೈವರ್ ಟಕ್ ಅನ್ನುವವರೆಗೆ ತಿರುಗಿಸಿ. ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಬಿಗಿಯಾದರೆ ಕೆಲವು ಬಿಂದುಗಳು ತಾಗುವುದೇ ಇಲ್ಲ. ಆಗ ಒಂದು ರ‍್ಯಾಮ್ ಮಾಯವಾಗುತ್ತದೆ, ಇಲ್ಲವೇ 16 ಲೇನಿನ ಸ್ಲಾಟ್ 8 ಅಂತ ತೋರಿಸುತ್ತದೆ. ಕಾರ್ಡ್ ಮೇಲೆ, ಬೋರ್ಡ್ ಮೇಲೆ ಅನುಮಾನ ಪಡುವ ಮೊದಲು ಈ ಮೂರು ಸ್ಕ್ರೂ ಬಿಚ್ಚಿ ಮತ್ತೆ ಬಿಗಿ ಮಾಡಿ ನೋಡಿ.

ಕಾರ್ಡ್ ಒಂದೂ ಹಾಕದೆ ಮೊದಲು ಆನ್ ಮಾಡಿ. ಸರ್ವರ್ ಬೋರ್ಡುಗಳಲ್ಲಿ ನಿರ್ವಹಣೆಯ ಚಿಪ್ಪಿಗೆ ಸೇರಿದ ಸಣ್ಣ ಡಿಸ್‌ಪ್ಲೇ ಕನೆಕ್ಟರ್ ಇರುತ್ತದೆ, ಅದರಲ್ಲೇ ಪರದೆ ಬರುತ್ತದೆ. ಮೊದಲ ಸಲ ರ‍್ಯಾಮ್ ಪರೀಕ್ಷೆಗೆ ಕೆಲವು ನಿಮಿಷ ಹಿಡಿಯಬಹುದು. ಗಾಬರಿಯಾಗಿ ಆಫ್ ಮಾಡಬೇಡಿ.

ಬಯಾಸ್ ಒಳಗೆ ಹೋಗಿ ಇಷ್ಟು ಬದಲಿಸಿ. ಸಿಎಸ್‌ಎಂ (ಹಳೆಯ ರೀತಿಯ ಬೂಟ್ ವ್ಯವಸ್ಥೆ) ಆಫ್. ಅಬೋವ್ 4ಜಿ ಡಿಕೋಡಿಂಗ್ ಆನ್. ಪ್ರತಿ ಸ್ಲಾಟಿನ ಪೀಳಿಗೆಯನ್ನು ಆಟೋ ಬಿಟ್ಟು ಕೈಯಾರೆ 4 ಅಂತ ಹಾಕಿ. ಅಬೋವ್ 4ಜಿ ಯಾಕೆ ಮುಖ್ಯ ಅಂದರೆ, ಪ್ರತಿ ಕಾರ್ಡೂ ತನ್ನ ಮೆಮೊರಿಯನ್ನು ಪ್ರೊಸೆಸರಿಗೆ ತೋರಿಸಲು ವಿಳಾಸದ ಜಾಗ ಕೇಳುತ್ತದೆ. ರಿಸೈಜಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿಯನ್ನು ಒಮ್ಮೆಗೇ ತೋರಿಸುವ ಆಯ್ಕೆ) ಆನ್ ಇದ್ದರೆ 24 ಜಿಬಿಯ ಕಾರ್ಡ್ 32 ಜಿಬಿ ವಿಳಾಸ ಕೇಳುತ್ತದೆ, ಯಾಕೆಂದರೆ ಈ ಅಳತೆ 2ರ ಘಾತದಲ್ಲೇ ಇರಬೇಕು. ನಾಲ್ಕು ಕಾರ್ಡಿಗೆ 128 ಜಿಬಿ. ಮೂರು ಕಾರ್ಡಿನವರೆಗೆ ಚೆನ್ನಾಗಿದ್ದ ಯಂತ್ರ ನಾಲ್ಕನೆಯದಕ್ಕೆ ಏಳದೇ ಹೋದರೆ ಬಹುಪಾಲು ಕಾರಣ ಇದೇ. ಲೇನ್ ಇರುತ್ತದೆ, ಜಾಗ ಇರುತ್ತದೆ, ಕರೆಂಟ್ ಇರುತ್ತದೆ, ವಿಳಾಸ ಮಾತ್ರ ಮುಗಿದಿರುತ್ತದೆ. ಹಾಗಾದಾಗ ರಿಸೈಜಬಲ್ ಬಾರ್ ಆಫ್ ಮಾಡಿ ನೋಡಿ, ಬಯಾಸ್ ಹೊಸ ಆವೃತ್ತಿಗೆ ಏರಿಸಿ.

ಈಗ ಮೊದಲ ಕಾರ್ಡ್. ಬೂಟ್ ಮಾಡಿ, ಕಾಣುತ್ತದಾ ನೋಡಿ, ಆಫ್ ಮಾಡಿ, ಗೋಡೆಯ ಸ್ವಿಚ್ಚೂ ಆರಿಸಿ. ಆಮೇಲೆ ಎರಡನೆಯದು. ನಾಲ್ಕನ್ನೂ ಒಟ್ಟಿಗೆ ಹಾಕಿ ಆನ್ ಮಾಡಿದರೆ ತಪ್ಪು ಎಲ್ಲಿದೆ ಅಂತ ಹುಡುಕುವುದು ನಾಲ್ಕು ಪಟ್ಟು ಕೆಲಸ.

ಹಂತ 8: ಸಿಕ್ಕಿದ್ದನ್ನು ಅಳೆದು ನೋಡಿ

ಲಿನಕ್ಸ್‌ನಲ್ಲಿ ಎನ್‌ವಿಡಿಯಾ-ಎಸ್‌ಎಂಐ ಆಜ್ಞೆಯಿಂದ ಪ್ರತಿ ಕಾರ್ಡಿನ ಈಗಿನ ಲಿಂಕ್ ಪೀಳಿಗೆ ಮತ್ತು ಅಗಲ ಸಿಗುತ್ತದೆ. ಒಂದು ವಿಷಯ ಅನೇಕರನ್ನು ಹೆದರಿಸುತ್ತದೆ. ಕೆಲಸ ಇಲ್ಲದಾಗ ಕಾರ್ಡ್ ಕರೆಂಟ್ ಉಳಿಸಲು ಲಿಂಕನ್ನು ಮೊದಲ ಪೀಳಿಗೆಗೆ ಇಳಿಸಿಕೊಳ್ಳುತ್ತದೆ. ಹಾಗಾಗಿ ಏನಾದರೂ ಓಡುತ್ತಿರುವಾಗಲೇ ನೋಡಿ. ಪೀಳಿಗೆ 4, ಅಗಲ 16 ಬಂದರೆ ಸರಿ. ಅಗಲ 8 ಅಥವಾ 4 ಬಂದರೆ ಕಾರ್ಡ್ ತೆಗೆದು, ಅಂಚಿನ ಚಿನ್ನದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಮತ್ತೆ ಗಟ್ಟಿಯಾಗಿ ಕೂರಿಸಿ. ಆಗಲೂ ಹಾಗೇ ಇದ್ದರೆ ಜಂಪರ್, ಆಮೇಲೆ ಪ್ರೊಸೆಸರಿನ ಸ್ಕ್ರೂ.

ಅದೇ ಆಜ್ಞೆಯ ಟೋಪೊ ಆಯ್ಕೆ ಯಾವ ಕಾರ್ಡಿಗೆ ಯಾವುದರ ಜೊತೆ ಯಾವ ದಾರಿ ಅಂತ ಒಂದು ಕೋಷ್ಟಕ ಕೊಡುತ್ತದೆ. ಎನ್‌ವಿಲಿಂಕ್ ಹಾಕಿದ್ದರೆ ಆ ಜೋಡಿಯ ಎದುರು ಎನ್‌ವಿ ಅಂತ ಬರಬೇಕು. 4090 ಇರುವವರು ಗಮನಿಸಿ: ಎನ್‌ವಿಡಿಯಾ ಚಾಲಕ ತಂತ್ರಾಂಶ ಆ ಕಾರ್ಡುಗಳ ನಡುವೆ ನೇರ ಮಾತುಕತೆಗೆ ಅವಕಾಶ ಕೊಡುವುದಿಲ್ಲ. ಡೇಟಾ ರ‍್ಯಾಮ್ ಮೂಲಕ ಸುತ್ತಿ ಬರುತ್ತದೆ. ನೇರ ಮಾತುಕತೆ ಇರುವ ಕಾರ್ಡುಗಳಲ್ಲಿ ತರಬೇತಿ ಶುರುವಾದ ಕೂಡಲೇ ಯಂತ್ರ ನಿಂತುಬಿಟ್ಟರೆ ಬಯಾಸ್‌ನಲ್ಲಿ ಐಒಎಂಎಂಯು, ಎಸಿಎಸ್ (ಸಾಧನಗಳ ನಡುವಿನ ಡೇಟಾ ಓಡಾಟಕ್ಕೆ ಕಾವಲು ಹಾಕುವ ಆಯ್ಕೆಗಳು) ಎರಡನ್ನೂ ಆಫ್ ಮಾಡಿ ನೋಡಿ.

ಕೊನೆಗೆ ರೈಸರಿನ ಪರೀಕ್ಷೆ. ನಾಲ್ಕೂ ಕಾರ್ಡುಗಳನ್ನು ಒಂದು ರಾತ್ರಿ ಪೂರ್ತಿ ಭಾರದಲ್ಲಿ ಓಡಿಸಿ, ಬೆಳಗ್ಗೆ ಕರ್ನಲ್ ಲಾಗ್ (ಲಿನಕ್ಸ್ ತಾನೇ ಬರೆದಿಡುವ ದಾಖಲೆ) ನೋಡಿ. ನನಗೆ ಮೊದಲ ಬೆಳಗ್ಗೆ ಕಂಡದ್ದು ಮೂರನೇ ಕಾರ್ಡಿನ ಹೆಸರಿನಲ್ಲಿ ಸಾಲುಸಾಲಾಗಿ ಎಇಆರ್ (ಪಿಸಿಐ ಎಕ್ಸ್‌ಪ್ರೆಸ್ ದೋಷದ ವರದಿ) ಸಂದೇಶಗಳು, ಎಲ್ಲವೂ ಸರಿಪಡಿಸಿದ ದೋಷ ಅನ್ನುವವು. ಯಂತ್ರ ನಿಂತಿರಲಿಲ್ಲ, ಉತ್ತರವೂ ತಪ್ಪಿರಲಿಲ್ಲ. ಆದರೆ ಪ್ರತಿ ದೋಷಕ್ಕೂ ಅದೇ ಡೇಟಾವನ್ನು ಮತ್ತೆ ಕಳಿಸಬೇಕಾಗುತ್ತದೆ. ಆ ಕಾರ್ಡಿನ ರೈಸರ್ ಉಳಿದವಕ್ಕಿಂತ ಉದ್ದವಿತ್ತು, ಚೌಕಟ್ಟಿನ ಮೂಲೆಯಲ್ಲಿ ಚೂಪಾಗಿ ಮಡಚಿಕೊಂಡಿತ್ತು. ಹೊಸ ಗಿಡ್ಡ ಕೇಬಲ್ ಬರುವವರೆಗೆ ಬಯಾಸ್‌ನಲ್ಲಿ ಆ ಒಂದು ಸ್ಲಾಟನ್ನು ಮೂರನೇ ಪೀಳಿಗೆಗೆ ಇಳಿಸಿದೆ. ನಾಲ್ಕನೆಯದರ 8 ಲೇನಿನಷ್ಟೇ ವೇಗ ಉಳಿಯಿತು, ದೋಷಗಳು ನಿಂತವು. ಕೇಬಲ್ ಬದಲಿಸಿದ ಮೇಲೆ ಮತ್ತೆ 4 ಅಂತ ಹಾಕಿ, ಇನ್ನೊಂದು ರಾತ್ರಿ ಓಡಿಸಿದೆ. ಬೆಳಗ್ಗೆ ಲಾಗ್ ಖಾಲಿ ಇತ್ತು.